ಡ್ಯುಯಲ್ ಕೋರಾ, ಕೋರ್ ಟು ಡ್ಯುಯೋನಾ?

ಜುಲೈ ಬಂತೆಂದರೆ ಎಸ್.ಪಿ. ರೋಡಿಗೆ ಅಪ್ಪಂದಿರು ಬರುತ್ತಿದ್ದರು. ಸಿಇಟಿ ಕೌನ್ಸೆಲಿಂಗ್ ಮುಗಿಸಿ, ಮಗನಿಗೋ ಮಗಳಿಗೋ ಎಂಜಿನಿಯರಿಂಗ್ ಸೀಟು ಸಿಕ್ಕಿದ ಸಂಭ್ರಮದಲ್ಲಿ ಟೌನ್‌ಹಾಲ್ ಹತ್ತಿರ ಬಸ್ಸಿಳಿದು, ಪ್ಲಾಸ್ಟಿಕ್ ಫೈಲನ್ನು ಕಂಕುಳಲ್ಲಿ ಅವುಚಿಕೊಂಡೇ ಅಂಗಡಿ ಮುಂದೆ ಬಂದು ನಿಲ್ಲುವರು. ಮಕ್ಕಳು ಎರಡು ಹೆಜ್ಜೆ ಹಿಂದೆ. ಊರಿನಲ್ಲಿ ಯಾರೋ ತಿಳಿದವರು ಒಂದು ಪ್ರಶ್ನೆ ಕಲಿಸಿ ಕಳಿಸಿರುತ್ತಿದ್ದರು. ಎಲ್ಲಿ ಮರೆತುಹೋಗುತ್ತದೋ ಎಂಬ ಅವಸರದಲ್ಲಿ, ಬೆಲೆ ಕೇಳುವುದಕ್ಕೂ ಮೊದಲೇ ಅದು ಹೊರಗೆ ಬರುತ್ತಿತ್ತು: "ಇದು ಡ್ಯುಯಲ್ ಕೋರಾ, ಕೋರ್ ಟು ಡ್ಯುಯೋನಾ?"

ಪ್ರಶ್ನೆಯೇ ಸರಿಯಿಲ್ಲ. ಕೋರ್ ಟು ಡ್ಯುಯೋ ಕೂಡ ಡ್ಯುಯಲ್ ಕೋರೇ. ಒಂದು ಚಿಪ್ಪು, ಒಳಗೆ ಎರಡು ಮಿದುಳು. ಆದರೆ 2007ರಲ್ಲಿ ಇಂಟೆಲ್‌ನವರು ತಮ್ಮ ಅಗ್ಗದ ಚಿಪ್ಪುಗಳಿಗೆ 'ಪೆಂಟಿಯಂ ಡ್ಯುಯಲ್ ಕೋರ್' ಎಂದು ಹೆಸರಿಟ್ಟು ಮಾರತೊಡಗಿದರಲ್ಲ, ಅಲ್ಲಿಗೆ ಕೆಟ್ಟಿತು. ಹೈಸ್ಕೂಲಿನ ವ್ಯಾಕರಣದಲ್ಲಿ ಹೇಳುವುದಾದರೆ ಅನ್ವರ್ಥನಾಮ ಹೋಗಿ ಅಂಕಿತನಾಮವಾಯಿತು. ಮಳವಳ್ಳಿ ಕಡೆಯ ರೈತರೊಬ್ಬರು ನನಗೆ ಬೆರಳು ಮಡಚಿ ಲೆಕ್ಕ ತೋರಿಸಿದ್ದರು: "ಟು ಅಂದ್ರೆ ಎರಡು. ಡ್ಯುಯೋ ಅಂದ್ರೂ ಎರಡೇ ಅಂತೆ. ಎರಡೆರಡ್ಲಿ ನಾಕು. ಅಲ್ವಾ ಸಾರ್?" ಆ ಲೆಕ್ಕ ತಪ್ಪು ಎಂದು ಹೇಳಲು ನಮ್ಮ ಸೇಠ್‌ಜಿ ಬಿಡುತ್ತಿರಲಿಲ್ಲ. ಗಿರಾಕಿ ತಾನಾಗಿ ಕಟ್ಟಿಕೊಂಡ ನಂಬಿಕೆಯನ್ನು ಅಂಗಡಿಯವನು ಒಡೆಯಬಾರದು ಎಂಬುದು ಅವರ ಧರ್ಮ.

ನಾನು ಕುಣಿಗಲ್ ಕಡೆಯವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಎರಡು ಸಬ್ಜೆಕ್ಟ್ ಉಳಿಸಿಕೊಂಡು 2005ರಲ್ಲಿ ಈ ರಸ್ತೆಗೆ ಕೆಲಸಕ್ಕೆ ಸೇರಿದೆ. ಸದರ್ ಪತ್ರಪ್ಪ ರಸ್ತೆ ಎಂದು ಬೋರ್ಡಿನಲ್ಲಿದ್ದರೂ ಆ ಪೂರ್ತಿ ಹೆಸರನ್ನು ಪೋಸ್ಟ್‌ಮ್ಯಾನ್ ಬಿಟ್ಟರೆ ಯಾರೂ ಹೇಳಿದ್ದು ಕೇಳಿಲ್ಲ. ಸೇಠ್‌ಜಿಯ ತಂದೆಯ ಕಾಲಕ್ಕೆ ಇಲ್ಲಿ ನಟ್ಟು, ಬೋಲ್ಟು, ಬೇರಿಂಗು. ಆಮೇಲೆ ರೇಡಿಯೋ ಸಾಮಾನು, ಟ್ರಾನ್ಸಿಸ್ಟರ್, ಕೆಪಾಸಿಟರ್. ಆಮೇಲೆ ಟೀವಿ, ಆಮೇಲೆ ಕಂಪ್ಯೂಟರ್. ಹಳೆಯದು ಯಾವುದೂ ಪೂರ್ತಿ ಹೋಗಲಿಲ್ಲ. ಇವತ್ತಿಗೂ ಒಂದು ಬಾಗಿಲಲ್ಲಿ ಗ್ರಾಫಿಕ್ಸ್ ಕಾರ್ಡು, ಪಕ್ಕದ ಬಾಗಿಲಲ್ಲಿ ನೀರೆತ್ತುವ ಮೋಟಾರಿನ ಬುಷ್ಷು. ಎರಡು ಆಟೋ ಎದುರುಬದುರಾದರೆ ಮುಗಿಯಿತು. ಕರಗದ ದಿನಗಳಲ್ಲಿ ಧರ್ಮರಾಯನ ಗುಡಿ ಕಡೆ ಹೊರಟ ಜನ ನಮ್ಮ ಮೆಟ್ಟಿಲ ಮೇಲೆಯೇ ಕೂತು ದಣಿವಾರಿಸಿಕೊಳ್ಳುತ್ತಿದ್ದರು.

ಅಂಗಡಿಯ ಮೇಲಿನ ಅಟ್ಟದಲ್ಲಿ ಭಾಯ್ ಕೂರುತ್ತಿದ್ದರು. ಶಿವಾಜಿನಗರದವರು. ಕಲರ್ ಟೀವಿ, ಮಾನಿಟರ್ ರಿಪೇರಿ ಮಾಡುತ್ತಾ ಬಂದು ಲ್ಯಾಪ್‌ಟಾಪಿಗೆ ಇಳಿದವರು. ಮಾತು ಉರ್ದು ಬೆರೆತ ಕನ್ನಡ. ಬೈಗುಳ ಮಾತ್ರ ಅಚ್ಚ ಕನ್ನಡ. ನಾನು ಹೋಗುವ ಹೊತ್ತಿಗೆ ಅಟ್ಟಕ್ಕೆ ಬರುತ್ತಿದ್ದುದೆಲ್ಲ ಒಂಟಿ ಕೋರಿನ ಯಂತ್ರಗಳೇ. ಮರುವರ್ಷದಿಂದ ಜೋಡಿ ಕೋರು ಶುರು. ಆ ಜೋಡಿಗಳಲ್ಲಿ ಎರಡರ ಕಥೆ ನನ್ನ ಅನ್ನದ ಕಥೆಯೂ ಹೌದು: ಎಎಂಡಿಯ ಟ್ಯೂರಿಯನ್ 64 ಎಕ್ಸ್2, ಟಿಎಲ್-60, ಇಂಟೆಲ್‌ನ ಕೋರ್ 2 ಡ್ಯುಯೋ, ಟಿ7200. ಇಬ್ಬರೂ 2006ರಲ್ಲಿ ಹುಟ್ಟಿದವರು. ಇಬ್ಬರದೂ ಓಟ 2 ಗಿಗಾಹರ್ಟ್ಸ್. ಕುಡಿಯುವ ಕರೆಂಟು ಹೆಚ್ಚುಕಮ್ಮಿ ಒಂದೇ, 34–35 ವ್ಯಾಟ್. ಇಬ್ಬರೂ 64 ಬಿಟ್. ಕಾಗದದ ಮೇಲೆ ಅವಳಿಜವಳಿ.

ಟ್ಯೂರಿಯನ್ ಎಕ್ಸ್2 ಮೇ ತಿಂಗಳಲ್ಲೇ ಬಂತು, ಮೆರೋಮ್ ಎಂಬ ಒಳಹೆಸರಿದ್ದ ಕೋರ್ 2 ಮಳೆಗಾಲಕ್ಕೆ. ಅದಕ್ಕೂ ಮುಂಚೆ, ಜನವರಿಯಲ್ಲಿ, ಇಂಟೆಲ್‌ನದೇ ಕೋರ್ ಡ್ಯುಯೋ ಎಂದೊಂದು ಬಂದಿತ್ತು, ನಡುವೆ 'ಟು' ಇಲ್ಲದ್ದು. ಅದು 32 ಬಿಟ್ ಮಾತ್ರ. ಆ ಒಂದು 'ಟು' ಕಣ್ತಪ್ಪಿದ್ದಕ್ಕೆ ಎಷ್ಟು ಜನ ಮೋಸಹೋದರೋ! ಕೈಯೂರುವ ಜಾಗದಲ್ಲಿ ಅಂಟಿಸುವ ಸ್ಟಿಕ್ಕರು ನಮ್ಮ ರಸ್ತೆಯಲ್ಲಿ ಹಾಳೆಗಟ್ಟಲೆ ಸಿಗುತ್ತಿತ್ತು. ಅದಕ್ಕೇ ಭಾಯ್ ಸ್ಟಿಕ್ಕರು ನೋಡುತ್ತಿರಲಿಲ್ಲ. ಪೆನ್‌ಡ್ರೈವಿನಲ್ಲಿದ್ದ ಸಿಪಿಯು-ಝಡ್ ತೆರೆದು ನೋಡುವರು. ಯಂತ್ರ ಆನ್ ಆಗದಿದ್ದರೆ ಬಿಚ್ಚಿಯೇ ನೋಡುವರು.

ಇಂಟೆಲ್ ಆ ಚಿಪ್ಪಿಗೆ ಬಂದ ದಾರಿ ಸ್ವಲ್ಪ ಸುತ್ತಿನದು. ಪೆಂಟಿಯಂ 4ರ ಕಾಲದಲ್ಲಿ ಗಿಗಾಹರ್ಟ್ಸ್ ಏರಿಸುವುದೇ ಅವರ ವ್ರತವಾಗಿತ್ತು. ಏರಿದಂತೆಲ್ಲ ಚಿಪ್ಪು ಕಾವಲಿಯಾಗುತ್ತಿತ್ತು. ಕೊನೆಗೆ 2004ರಲ್ಲಿ, ಮುಂದೆ ಬರಬೇಕಿದ್ದ ತೇಜಸ್ ಎಂಬ ಚಿಪ್ಪನ್ನೇ ಅವರು ಕೈಬಿಟ್ಟರು. ಅಷ್ಟರಲ್ಲಿ ಇಸ್ರೇಲಿನ ಹೈಫಾದಲ್ಲಿದ್ದ ಅವರದೇ ತಂಡ ಬೇರೆ ಹಾದಿ ಹಿಡಿದಿತ್ತು. ಹಳೆಯ ಪೆಂಟಿಯಂ 3ರ ಮನೆತನದ ವಿನ್ಯಾಸವನ್ನೇ ತಿದ್ದಿ ತೀಡಿ, ಓಟ ಕಡಿಮೆಯಾದರೂ ಹೆಜ್ಜೆಗೆ ಹೆಚ್ಚು ಕೆಲಸ ಮಾಡುವ ಪೆಂಟಿಯಂ ಎಂ ಮಾಡಿದರು. ಅದು 2003ರ ಮಾತು. ಒಳಹೆಸರು ಬನಿಯಾಸ್; ಭಾಯ್ ಅದನ್ನು ಬನಿಯನ್ ಎಂದೇ ಕರೆದರು, ಕಡೆಯವರೆಗೂ. ಅದರ ಸಂತಾನ ಡೋಥಾನ್, ಆಮೇಲೆ ಯೋನಾ, ಆಮೇಲೆ ಮೆರೋಮ್. ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪಿಗೆ ಮಾಡಿದ ಅಡುಗೆ ಕೊನೆಗೆ ಇಡೀ ಮನೆಯ ಊಟವಾಯಿತು; ಡೆಸ್ಕ್‌ಟಾಪ್, ಸರ್ವರ್ ಎಲ್ಲಕ್ಕೂ ಅದನ್ನೇ ಬಡಿಸಿದರು.

ಎಎಂಡಿಯವರದು ಇನ್ನೊಂದು ಜಾಣತನ. ಎರಡರ ವ್ಯತ್ಯಾಸವನ್ನು ಭಾಯ್ ನನಗೆ ಅಂಗಡಿ ತೋರಿಸಿಯೇ ಕಲಿಸಿದರು. ಗಲ್ಲಾದ ಕೆಳಗೆ ಡ್ರಾಯರ್ ಇದೆ, ಅದು ಕ್ಯಾಶ್. ಸಾಮಾನಿನ ಗೋಡೌನು ದೂರದಲ್ಲಿದೆ, ಅದು ರ‍್ಯಾಮ್. ಟ್ಯೂರಿಯನ್ನಿನಲ್ಲಿ ಇಬ್ಬರು ಹುಡುಗರಿಗೆ ಬೇರೆ ಬೇರೆ ಡ್ರಾಯರ್, ಒಬ್ಬೊಬ್ಬರಿಗೆ 512 ಕೆಬಿ. ಡ್ರಾಯರ್ ಸಣ್ಣದು, ಆದರೆ ಗೋಡೌನಿಗೆ ಅಂಗಡಿಯೊಳಗಿನಿಂದಲೇ ಮೆಟ್ಟಿಲು. ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೇ ಇದೆ. ಇಂಟೆಲ್‌ನಲ್ಲಿ ಹಾಗಲ್ಲ, ಗೋಡೌನಿಗೆ ಹೋಗಬೇಕಾದರೆ ರಸ್ತೆಗಿಳಿದು, ಪಕ್ಕದ ಕಟ್ಟಡದ ನಾರ್ತ್‌ಬ್ರಿಜ್ ಎಂಬ ವಾಚ್‌ಮ್ಯಾನನ್ನು ಕೇಳಿ ಹೋಗಬೇಕು. ಅದಕ್ಕೇ ಅವರು ಡ್ರಾಯರನ್ನೇ ದೊಡ್ಡದು ಮಾಡಿಬಿಟ್ಟರು: 4 ಎಂಬಿ, ಅದೂ ಇಬ್ಬರಿಗೂ ಸೇರಿ ಒಂದೇ. ಒಬ್ಬ ಹುಡುಗ ಸುಮ್ಮನೆ ಕೂತಿದ್ದರೆ ಇನ್ನೊಬ್ಬ ಪೂರ್ತಿ ಡ್ರಾಯರ್ ಬಳಸಬಹುದು. "ಗೋಡೌನ್ ಹತ್ರ ಇದ್ದು ಏನು ಮಾಡ್ತೀಯ, ಹೋಗೋ ಕೆಲಸಾನೇ ಇಲ್ದಿದ್ರೆ?" ಎಂದರು ಭಾಯ್. ಇಷ್ಟನ್ನು ನನ್ನ ಡಿಪ್ಲೊಮಾದ ಮೇಷ್ಟರು ಒಂದು ಸೆಮಿಸ್ಟರಿನಲ್ಲಿ ಹೇಳಲು ಹೋಗಿ ಸೋತಿದ್ದರು.

ಒಂದು ಭಾನುವಾರ, ಅಂಗಡಿ ರಜೆ, ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಎರಡಕ್ಕೂ ಒಂದೊಂದು ಜಿಬಿಯ ಎರಡು ರ‍್ಯಾಮ್, ಎರಡಕ್ಕೂ ಎಕ್ಸ್‌ಪಿ. ಓಡಿಸಿದ್ದು ಸೂಪರ್ ಪೈ ಎಂಬ ಸಣ್ಣ ಪ್ರೋಗ್ರಾಂ. ವೃತ್ತದ ಪೈ ಬೆಲೆಯನ್ನು ದಶಾಂಶದ ನಂತರ 10 ಲಕ್ಷ ಸ್ಥಾನಗಳವರೆಗೆ ಲೆಕ್ಕ ಹಾಕಿ, ಎಷ್ಟು ಸೆಕೆಂಡು ಹಿಡಿಯಿತೆಂದು ಹೇಳುತ್ತದೆ. ಟೋಕಿಯೋ ವಿಶ್ವವಿದ್ಯಾಲಯದ ಪ್ರೊಫೆಸರ್ ಯಸುಮಾಸಾ ಕನಡಾ ಅವರ ಪ್ರಯೋಗಶಾಲೆಯಲ್ಲಿ 1995ರಲ್ಲಿ ಹುಟ್ಟಿದ್ದು. ಕನಡಾ ಎಂಬ ಹೆಸರು ನೋಡಿ ನಾನು ನಮ್ಮವರೇ ಯಾರೋ ಇರಬೇಕು ಎಂದಿದ್ದೆ. ಭಾಯ್ ತಿಂಗಳುಗಟ್ಟಲೆ ಅದನ್ನು ಆಡಿಕೊಂಡು ನಕ್ಕರು. ಇಂಟೆಲ್ ಅರ್ಧ ನಿಮಿಷದೊಳಗೆ ಮುಗಿಸಿತು. ಟ್ಯೂರಿಯನ್ ಮುಕ್ಕಾಲು ನಿಮಿಷದ ಹತ್ತಿರ ಹೋಯಿತು.

ನನಗೆ ನೆನಪಿರುವುದು ಆ ಸೆಕೆಂಡುಗಳಿಗಿಂತ ಟಾಸ್ಕ್ ಮ್ಯಾನೇಜರಿನ ಹಸಿರು ಗೆರೆಗಳು. ಎರಡೂ ಯಂತ್ರಗಳಲ್ಲಿ ಒಟ್ಟು ಕೆಲಸ ಅರ್ಧಕ್ಕೇ ನಿಂತಿತ್ತು, ಐವತ್ತು ಪರ್ಸೆಂಟ್. ಸೂಪರ್ ಪೈ ಒಂದೇ ಕೋರನ್ನು ದುಡಿಸುತ್ತದೆ. ಇನ್ನೊಂದು ಕಟ್ಟೆ ಮೇಲೆ ಕೂತು ನೋಡುತ್ತಿರುತ್ತದೆ. ಆ ಕಾಲದ ಬಹುಪಾಲು ಪ್ರೋಗ್ರಾಂಗಳ ಹಣೆಬರಹ ಅಷ್ಟೇ. ಅಪ್ಪಂದಿರು ಅಷ್ಟು ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡು ಬಂದ ಎರಡನೆಯ ಕೋರು ದಿನದ ಹೆಚ್ಚು ಹೊತ್ತು ಆಂಟಿವೈರಸ್ ಓಡಿಸಿಕೊಂಡಿತ್ತು.

ಹಾಗಾದರೆ ಟ್ಯೂರಿಯನ್ ಕೆಟ್ಟದ್ದೇ? ಅಲ್ಲ ಎಂದು ಅವತ್ತೂ ಹೇಳುತ್ತಿದ್ದೆ, ಇವತ್ತೂ ಹೇಳುತ್ತೇನೆ. ಪೈ ಲೆಕ್ಕ ಹಾಕಲು ಯಾರೂ ಲ್ಯಾಪ್‌ಟಾಪ್ ಕೊಳ್ಳುವುದಿಲ್ಲ. ಟರ್ಬೋ ಸಿ, ಪವರ್‌ಪಾಯಿಂಟು, ರಾಜ್‌ಕುಮಾರ್ ಸಿನಿಮಾದ ಒಂದು ಸಿ.ಡಿ. — ಇಷ್ಟಕ್ಕೆ ಎರಡರಲ್ಲಿ ಯಾವುದಾದರೇನು? ಟ್ಯೂರಿಯನ್ ಇದ್ದದ್ದು ಸಾವಿರಾರು ರೂಪಾಯಿ ಕಡಿಮೆಗೆ ಬರುತ್ತಿತ್ತು. 2007ರಲ್ಲಿ ವಿಸ್ಟಾ ಬಂದ ಮೇಲಂತೂ, 512 ಎಂಬಿ ರ‍್ಯಾಮಿನ ಕೋರ್ 2ಗಿಂತ 2 ಜಿಬಿ ಹಾಕಿಸಿದ ಟ್ಯೂರಿಯನ್ನೇ ಚುರುಕಾಗಿರುತ್ತಿತ್ತು. ಉಳಿದ ದುಡ್ಡಿನಲ್ಲಿ ರ‍್ಯಾಮ್ ಹಾಕಿಸಿಕೊಳ್ಳಿ ಎಂದು ನಾನೇ ಎಷ್ಟೋ ಜನರಿಗೆ ಹೇಳಿ ಕೊಡಿಸಿದೆ.

ಆ ಮಾತು ನನ್ನ ಕತ್ತಿಗೇ ಬಂತು.

2008ರ ಹೊತ್ತಿಗೆ ಆ ಟ್ಯೂರಿಯನ್ ಯಂತ್ರಗಳು ಒಂದೊಂದಾಗಿ ಅಟ್ಟ ಹತ್ತತೊಡಗಿದವು. ರೋಗದ ಲಕ್ಷಣ ಒಂದೇ ಥರ: ಪವರ್ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಕೆಲವಕ್ಕೆ ಮೊದಲು ವೈಫೈ ಮಾಯವಾಗುತ್ತಿತ್ತು, ತಿಂಗಳೊಪ್ಪತ್ತಿನಲ್ಲಿ ಪರದೆ. ಗಿರಾಕಿಗಳ ಬಾಯಲ್ಲಿ ಒಂದೇ ಮಾತು: "ಎಎಂಡಿ ಹೀಟ್ ಆಗುತ್ತೆ ಅಂತ ಎಲ್ರೂ ಹೇಳಿದ್ರು, ನೀವೇ ಕೇಳಲಿಲ್ಲ." ಟ್ಯೂರಿಯನ್ನನ್ನು ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಗುಂಡುಕಲ್ಲಿನಂತೆ ಓಡುತ್ತಿತ್ತು. ಸತ್ತದ್ದು ಅದಲ್ಲ, ಅದರ ನೆರೆಮನೆಯವನು: ಬೋರ್ಡಿಗೆ ಬೆಸೆದಿದ್ದ ಗ್ರಾಫಿಕ್ಸ್ ಚಿಪ್ಪು. ಎಎಂಡಿಗೆ ಆಗ ಸ್ವಂತ ಗ್ರಾಫಿಕ್ಸ್ ಇರಲಿಲ್ಲ. ಎಟಿಐ ಕಂಪನಿಯನ್ನು ಅವರು ಕೊಂಡಿದ್ದು 2006ರ ಕೊನೆಗೆ, ಅದರ ಫಲ ಲ್ಯಾಪ್‌ಟಾಪಿಗೆ ಸರಿಯಾಗಿ ಇಳಿದದ್ದು 2008ರಲ್ಲಿ. ಅಲ್ಲಿಯವರೆಗೆ ಬೇರೆಯವರ ಚಿಪ್ಪಿನ ಜೊತೆಗೇ ಸಂಸಾರ.

ಭಾಯ್ ಇದಕ್ಕೊಂದು ಮದ್ದು ಕಂಡುಹಿಡಿದರು. ಅವರೊಬ್ಬರೇ ಅಲ್ಲ, ಇಡೀ ರಸ್ತೆಯೇ ಅದೇ ಹೊತ್ತಿಗೆ ಕಂಡುಹಿಡಿಯಿತು. ಬೋರ್ಡನ್ನು ಬರಿದು ಮಾಡಿ, ಸುತ್ತಲಿನ ಪ್ಲಾಸ್ಟಿಕ್ ಕರಗದಂತೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಗ್ರಾಫಿಕ್ಸ್ ಚಿಪ್ಪಿನ ಅಂಚಿಗೆ ಫ್ಲಕ್ಸ್ ಬಿಟ್ಟು, ಬ್ಲೋವರಿನಿಂದ ಬಿಸಿಗಾಳಿ. ದೋಸೆಗೆ ಎಣ್ಣೆ ಬಿಡುವವರಂತೆ ಕೈ ಸುತ್ತುತ್ತಲೇ ಇರಬೇಕು, ಒಂದು ಕಡೆ ನಿಲ್ಲಬಾರದು. ಫ್ಲಕ್ಸ್ ಹೊಗೆಯಾಡಿ ಗುಳ್ಳೆ ಏಳುತ್ತದೆ. ಇಕ್ಕಳದ ತುದಿಯಿಂದ ಚಿಪ್ಪನ್ನು ಕೂದಲೆಳೆಯಷ್ಟು ಮುಟ್ಟಿದರೆ ಜಾರಿ, ತಾನಾಗಿ ವಾಪಸ್ ಜಾಗಕ್ಕೆ ಬಂದು ಕೂರಬೇಕು. ಕೂತರೆ ಬೆಸುಗೆ ಕರಗಿದೆ ಎಂದರ್ಥ. ಗಾಳಿ ನಿಲ್ಲಿಸಿ, ಬೋರ್ಡನ್ನು ಮುಟ್ಟದೆ ಟೀ ಕುಡಿದು ಬಂದು ಜೋಡಿಸಿದರೆ ಪರದೆ ಬೆಳಗುತ್ತಿತ್ತು. ಮೊದಲ ಸಲ ಬೆಳಗಿದಾಗ ನಾನು ಅಟ್ಟದಿಂದ ಕೂಗಿದ್ದು ಕೆಳಗೆ ರಸ್ತೆಗೂ ಕೇಳಿತಂತೆ.

ಮೂರು ತಿಂಗಳು. ಬಹಳ ಗಟ್ಟಿ ಇದ್ದರೆ ಐದು. ಆಮೇಲೆ ಮತ್ತೆ ಕಪ್ಪು. ತಿಪಟೂರಿನ ಹುಡುಗಿಯೊಬ್ಬಳ ಯಂತ್ರವನ್ನು ಹೀಗೆ ಎರಡು ಸಲ ಸುಟ್ಟುಕೊಟ್ಟೆ. ಫೈನಲ್ ಇಯರ್ ಪ್ರಾಜೆಕ್ಟಿನ ವೈವಾದ ಬೆಳಿಗ್ಗೆ ಅದು ಮೂರನೆಯ ಸಲ ಮಲಗಿತು. ಅವಳ ಅಪ್ಪ ಬಂದು ಗಲ್ಲಾದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೈಯಲೂ ಇಲ್ಲ, "ನಿಮ್ಮನ್ನ ನಂಬಿದ್ವಿ" ಎಂದು ಹೇಳಿ ಹೊರಟುಹೋದರು. ಹಾರ್ಡ್‌ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಹಾಕಿ ಅವಳ ಫೈಲುಗಳನ್ನು ಅದೇ ಮಧ್ಯಾಹ್ನ ಕಾಲೇಜಿಗೇ ತಲುಪಿಸಿ ಬಂದೆ. ಅಪ್ಪನಿಗೆ ವಾಪಸ್ ಕೊಡಬೇಕಿದ್ದ ದುಡ್ಡನ್ನು ಸೇಠ್‌ಜಿ ನನ್ನ ಸಂಬಳದಲ್ಲಿ ಹಿಡಿದರು. ಸರಿಯಾಗಿಯೇ ಇತ್ತು.

ಭಾಯ್ ಹೇಳುತ್ತಿದ್ದ ಕಾರಣ ಸೀಸ. 2006ರ ಜುಲೈಯಿಂದ ಯುರೋಪಿನವರು ಬೆಸುಗೆಯಲ್ಲಿ ಸೀಸ ಬಳಸಬಾರದೆಂದು ಕಾನೂನು ತಂದರು, ಅದಕ್ಕೇ ಬೆಸುಗೆ ಬಿರುಕು ಬಿಡುತ್ತಿದೆ ಎಂದು. ರಸ್ತೆಯಲ್ಲಿ ಎಲ್ಲರೂ ಅದನ್ನೇ ನಂಬಿದ್ದರು. ಅದು ನಿಜವಾಗಿದ್ದರೆ ಚಿಪ್ಪಿನ ಅಡಿಯ ಹಳೆಯ ಬೆಸುಗೆ ಗುಂಡುಗಳನ್ನು ಕೆರೆದು ಸೀಸದ ಹೊಸ ಗುಂಡು ಕೂರಿಸಿದ ಬೋರ್ಡುಗಳು ಬದುಕಬೇಕಿತ್ತು. ಅವೂ ಸತ್ತವು. ಬಿರುಕು ನಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ. ಚಿಪ್ಪಿನ ಒಳಗೇ, ಸಿಲಿಕಾನ್ ತುಣುಕಿಗೂ ಅದರ ಹಸಿರು ಪೀಠಕ್ಕೂ ನಡುವಿನ ಸೂಕ್ಷ್ಮ ಬೆಸುಗೆ ಬಿಂದುಗಳಲ್ಲಿತ್ತು. ಬಿಸಿ, ತಂಪು, ಬಿಸಿ, ತಂಪು ಎಂದು ದಿನಕ್ಕೆ ಹತ್ತು ಸಲ ಹಿಗ್ಗಿ ಕುಗ್ಗಿ ಅವು ಸೋಲುತ್ತಿದ್ದವು. ನಮ್ಮ ಬಿಸಿಗಾಳಿ ಆ ಬಿರುಕನ್ನು ನಾಲ್ಕು ದಿನ ಮುಚ್ಚುತ್ತಿತ್ತು, ಅಷ್ಟೇ. ಚಿಪ್ಪು ಮಾಡಿದ ಕಂಪನಿ 2008ರ ಜುಲೈನಲ್ಲಿ ತಾನೇ ದೋಷ ಒಪ್ಪಿ, ಪರಿಹಾರಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡುತ್ತೇನೆಂದಿತು. ಅದರಲ್ಲಿ ಒಂದು ಕಾಸೂ ತಿಪಟೂರಿಗೆ ಬರಲಿಲ್ಲ. ಇಂಟೆಲ್ ಪ್ರೊಸೆಸರಿನ ಪಕ್ಕ ಅದೇ ಚಿಪ್ಪು ಇದ್ದ ಯಂತ್ರಗಳೂ ಹಾಗೇ ಸತ್ತವು. ಆದರೆ ಅವು ಬಂದಾಗ "ಗ್ರಾಫಿಕ್ಸ್ ಹೋಗಿದೆ" ಎನ್ನುತ್ತಿದ್ದ ಜನ, ಟ್ಯೂರಿಯನ್ ಬಂದಾಗ "ಎಎಂಡಿ ಹೋಗಿದೆ" ಎನ್ನುತ್ತಿದ್ದರು.

ಕೋರ್ 2 ಡ್ಯುಯೋಗೆ ಬಂದ ಕೀರ್ತಿಯಲ್ಲೂ ನೆರೆಯ ಪಾಲಿದೆ. ಐಟಿ ಕಂಪನಿಗಳು ಲೀಸಿಗೆ ಪಡೆದ ಲ್ಯಾಪ್‌ಟಾಪುಗಳು ಮೂರು ವರ್ಷ ತುಂಬಿ 'ಲಾಟ್' ಆಗಿ ನಮ್ಮ ರಸ್ತೆಗೆ ಇಳಿಯುತ್ತಿದ್ದವು. ಹಾರ್ಡ್‌ಡಿಸ್ಕ್ ಇಲ್ಲ, ಚಾರ್ಜರ್ ಅರ್ಧಕ್ಕಿಲ್ಲ, ಮೈಮೇಲೆ ಕಂಪನಿಯ ಅಸೆಟ್ ನಂಬರಿನ ಸ್ಟಿಕ್ಕರು. ಥಿಂಕ್‌ಪ್ಯಾಡ್ ಟಿ61, ಡೆಲ್ ಲ್ಯಾಟಿಟ್ಯೂಡ್ ಡಿ630. ಒಳಗೆ ಹೆಚ್ಚಿನವು ಕೋರ್ 2, ಗ್ರಾಫಿಕ್ಸೂ ಬಹುಪಾಲು ಇಂಟೆಲ್‌ನದೇ. ಹಗಲಿಡೀ ಎ.ಸಿ.ಯಲ್ಲಿ ಬದುಕಿದವು, ಹಾಸಿಗೆ ಮೇಲೆ ಉಸಿರುಕಟ್ಟಿ ಓಡಿದವಲ್ಲ. ಫ್ಯಾನು ಬಿಚ್ಚಿದರೆ ಕಂಬಳಿಯಂಥ ಧೂಳಿನ ಪದರ ಇರುತ್ತಿರಲಿಲ್ಲ. ಗಟ್ಟಿಯಾಗಿದ್ದದ್ದು ಇಡೀ ಯಂತ್ರ. ಹೆಸರು ಬಂದದ್ದು ಪ್ರೊಸೆಸರಿಗೆ. ಟ್ಯೂರಿಯನ್ ಇದ್ದವು ಕಂಪನಿ ಲಾಟಿನಲ್ಲಿ ಬರುತ್ತಲೇ ಇರಲಿಲ್ಲ ಎನ್ನಬೇಕು. ಅವು ಬಂದದ್ದು ಮನೆಗಳಿಂದ.

ಆ ಲಾಟುಗಳನ್ನು ಇಳಿಸುವಾಗ ನನಗೊಂದು ಸ್ವಾರಸ್ಯ ಕಾಣುತ್ತಿತ್ತು. ಈ ಕೋರ್ 2 ಬಳಗದ ಒಂದು ಕವಲು ನಮ್ಮ ಊರಿನದೇ. ಇಂಟೆಲ್‌ನ ಬೆಂಗಳೂರು ತಂಡ ವೈಟ್‌ಫೀಲ್ಡ್ ಎಂಬ ಹೆಸರಿನಲ್ಲೇ ಒಂದು ಸರ್ವರ್ ಚಿಪ್ಪು ಮಾಡುತ್ತಿತ್ತು. 2005ರಲ್ಲಿ ಅದನ್ನು ರದ್ದು ಮಾಡಿದರು. ಅದೇ ಊರಿನವರು ಬಿಡದೆ, 2008ರ ಸೆಪ್ಟೆಂಬರಿನಲ್ಲಿ ಡನ್ನಿಂಗ್ಟನ್ ಎಂಬ ಆರು ಕೋರಿನ ಝಿಯಾನ್ ಚಿಪ್ಪು ಹೊರತಂದರು, 190 ಕೋಟಿ ಟ್ರಾನ್ಸಿಸ್ಟರುಗಳದ್ದು. ಅದರೊಳಗಿನ ಕೋರುಗಳು ನಮ್ಮ ಲಾಟಿನ ಲ್ಯಾಪ್‌ಟಾಪ್ ಕೋರುಗಳ ದಾಯಾದಿಗಳು. ಸೇಠ್‌ಜಿಗೆ ಇದನ್ನು ಹೇಳಿದೆ. "ಅದು ಸೆಕೆಂಡ್‌ಹ್ಯಾಂಡ್ ಯಾವಾಗ ಬರುತ್ತೆ?" ಎಂದು ಕೇಳಿದರು.

ಲಾಟಿನ ಕಾಲದಲ್ಲಿ ಪ್ರೊಸೆಸರ್ ಬದಲಿಸುವುದೂ ಒಂದು ಕಸುಬಾಗಿತ್ತು. ಹೀಟ್‌ಸಿಂಕ್ ಬಿಚ್ಚಿ, ಸುಣ್ಣದಂತೆ ಒಣಗಿದ ಪೇಸ್ಟ್ ಒರೆಸಿ, ಸಾಕೆಟ್ಟಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಚಿಪ್ಪು ಕೈಗೆ ಬರುತ್ತಿತ್ತು. ಇದೇ ಧೈರ್ಯದಲ್ಲಿ ನಾನೊಮ್ಮೆ ಬೇರೆ ಊರಿನ ವ್ಯಾಪಾರಿಯಿಂದ ಹತ್ತು ಟಿ7200 ಒಟ್ಟಿಗೆ ತರಿಸಿದೆ, ಲಾಟಿನ ಡಿ630ಗಳಿಗೆ ಹಾಕಲೆಂದು. ಅವನೂ ಹೇಳಲಿಲ್ಲ, ನಾನೂ ನೋಡಲಿಲ್ಲ. 2006ರ ಚಿಪ್ಪಿನದು ಸಾಕೆಟ್ ಎಂ, 2007ರ ಬೋರ್ಡಿನದು ಸಾಕೆಟ್ ಪಿ. ಎರಡಕ್ಕೂ 478 ಪಿನ್ನೇ; ಜೋಡಣೆಯಲ್ಲಿ ಮಾತ್ರ ಚೂರು ವ್ಯತ್ಯಾಸ. ಕಣ್ಣಿಗೆ ಒಂದೇ, ಕೂರಿಸಲು ಹೋದರೆ ಕೂರದು. ಮೊದಲನೆಯದನ್ನು ಒತ್ತಿ ನಾಲ್ಕು ಪಿನ್ ಬಗ್ಗಿಸಿದೆ. ಭಾಯ್ ಹಳೆಯ ಬ್ಲೇಡಿನ ಅಂಚಿನಿಂದ ಒಂದೊಂದಾಗಿ ನೆಟ್ಟಗೆ ಮಾಡಿಕೊಟ್ಟು, ಅಚ್ಚ ಕನ್ನಡದಲ್ಲಿ ಬೈದರು.

ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನವರು ಎಳ್ಳುನೀರು ಬಿಟ್ಟರು. ಅಲ್ಲಿಂದ ಈ ಯಂತ್ರಗಳು ಗಲ್ಲಾದಿಂದ ಅಟ್ಟಕ್ಕೆ, ಅಟ್ಟದಿಂದ ಗೋಣಿಚೀಲಕ್ಕೆ ಇಳಿದವು. ಹೊಸ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅರ್ಧ ಸುತ್ತಿನ ಸ್ಕ್ರೂ ಇಲ್ಲ. ಭಾಯ್ ಈಗ ಅಂಗಡಿಗೆ ಬರುವುದಿಲ್ಲ, ಮಗ ಮೊಬೈಲ್ ನೋಡಿಕೊಳ್ಳುತ್ತಾನೆ. ಅಟ್ಟ ನನ್ನದು.

ಹೋದ ತಿಂಗಳು ಗೌರಿಪಾಳ್ಯದಿಂದ ಗುಜರಿ ಹುಡುಗ ಬಂದಿದ್ದ. ಪಿನ್ನಿಗೆ ಬಳಿದ ಚಿನ್ನದ ಲೇಪ ಅವನಿಗೆ ಬೇಕು. ಹಳೆಯ ಚಿಪ್ಪುಗಳನ್ನು ಚೀಲದಿಂದ ತಕ್ಕಡಿಗೆ ಸುರಿದ. ಟಿ7200ಗಳು ಬಿದ್ದವು, ಬಗ್ಗಿದ್ದೂ ಸೇರಿ. ಟಿಎಲ್-60ಗಳು ಬಿದ್ದವು. ಬಾಯಿ ತಡೆಯಲಿಲ್ಲ.

"ಎಎಂಡಿಯಲ್ಲಿ 638 ಪಿನ್ ಇದೆ ಕಣೋ. ಇಂಟೆಲ್‌ಗಿಂತ 160 ಜಾಸ್ತಿ. ಅದಕ್ಕೆ ಬೇರೆ ರೇಟ್ ಹಾಕು."

ಅವನು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಾ ಒಂದೇ ಅಣ್ಣ, ಕೇಜಿ ಲೆಕ್ಕ" ಎಂದ.